ಬಲ್ಲವರೂ ಕಲಿಯಬೇಕಾದ ಸಣ್ಣ ಭಾಷೆ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂಟನೆಯ ತರಗತಿಯಿಂದ ಹತ್ತರವರೆಗೆ ಮೂರು ವರ್ಷ ನನ್ನಿಂದ ಗಣಿತ ಹೇಳಿಸಿಕೊಂಡವನು. ಮುಂದೆ ಎಂಜಿನಿಯರಿಂಗ್ ಓದಿ, ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿರುವವನು. ಹೆಸರು ಹೇಳಿದರೆ ಅವನಿಗೆ ಮುಜುಗರವಾದೀತು. ಅವನ ಸಹಪಾಠಿಗಳು ಊಹಿಸಿಕೊಳ್ಳಲಿ. ಕಾಫಿಯ ಲೋಟ ಕೆಳಗಿಡುತ್ತ ಅವನು ಹೇಳಿದ: "ಸಾರ್, ಇಷ್ಟು ವರ್ಷ ಆದಮೇಲೆ ನನ್ನನ್ನು ಮತ್ತೆ ಒಂದನೇ ಕ್ಲಾಸಿಗೆ ಕೂರಿಸಿದ್ದಾರೆ. ಟಿಕಲ್ ಅಂತ ಒಂದು ಸ್ಕ್ರಿಪ್ಟಿಂಗ್ ಭಾಷೆ ಕಲಿಯಬೇಕಂತೆ. ಅದು ಭಾಷೆಯೇ ಅಲ್ಲ ಸಾರ್, ಆಟಿಕೆ."

ಅವನ ಕಂಪನಿ ಚಿಪ್ಪುಗಳನ್ನು ವಿನ್ಯಾಸ ಮಾಡುವಂಥದು. ತಯಾರಾಗಿ ಬಂದ ಚಿಪ್ಪುಗಳನ್ನು ಪ್ರಯೋಗಾಲಯದ ಮೇಜಿನ ಮೇಲೆ ಪರೀಕ್ಷಿಸುವಾಗ ವೋಲ್ಟೇಜು, ಉಷ್ಣತೆ ಮುಂತಾದ ಅಳತೆಗಳನ್ನು ಸಂಗ್ರಹಿಸುವ ಒಂದು ಪ್ರೋಗ್ರಾಂ ಅಲ್ಲಿದೆ. ಹನ್ನೊಂದು ವರ್ಷಗಳ ಹಿಂದೆ ಅದನ್ನು ಸಿ ಭಾಷೆಯಲ್ಲಿ ಬರೆದವನು ಇವನೇ. ಅದನ್ನು ನಡೆಸಬೇಕಾದರೆ ಕಪ್ಪು ಪರದೆಯ ಮೇಲೆ ಉದ್ದುದ್ದನೆಯ ಆದೇಶಗಳನ್ನು ಟೈಪ್ ಮಾಡಬೇಕು. ಅದಕ್ಕೆ ಗುಂಡಿಗಳೂ ಅಂಕಿ ತುಂಬುವ ಚೌಕಗಳೂ ಇರುವ ಒಂದು ಕಿಟಕಿಯನ್ನು ಕಟ್ಟಿಕೊಡು ಎಂದು ಮೇಲಿನವರು ಹೇಳಿದ್ದಾರೆ. ಅಲ್ಲಿನ ಉಳಿದ ಉಪಕರಣಗಳೆಲ್ಲ ಟಿಕಲ್ ಭಾಷೆಯನ್ನೇ ಬಳಸುವುದರಿಂದ, ಇದನ್ನೂ ಟಿಕಲ್ ಮತ್ತು ಅದರ ಜೊತೆಗಾರನಾದ ಟಿಕೆಯಲ್ಲೇ ಮಾಡಬೇಕೆಂಬುದು ಅವರ ನಿರ್ಧಾರ.

ಅಂದು ನಾನು ಪೂರ್ತಿ ಉತ್ತರ ಕೊಡಲಿಲ್ಲ. ಹಬ್ಬದ ಮನೆ, ಮೇಲಾಗಿ ಅವನಿಗೆ ಬಸ್ಸಿನ ಹೊತ್ತಾಗಿತ್ತು. ಆದರೆ ಆ "ಆಟಿಕೆ" ಎಂಬ ಮಾತು ನನ್ನನ್ನು ಬಿಡಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಇದೇ ವೃತ್ತಿಯಲ್ಲಿ ಇದ್ದೀರಿ, ಇದೇ ವಯಸ್ಸಿಗೆ ಬಂದಿದ್ದೀರಿ. ಆದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿಡುತ್ತೇನೆ. ಕಿಟಕಿ ಕಟ್ಟಲು ಇಂಥದೊಂದು ಸಣ್ಣ ಭಾಷೆಯನ್ನು ಅನುಭವಿಗಳೇ ಮುಖ್ಯವಾಗಿ ಕಲಿಯಬೇಕು. ಕಲಿಯುವಾಗ ಅದನ್ನು ಕೀಳೆಂದು ಭಾವಿಸಬಾರದು. ಏಕೆಂದರೆ ಆ ಕೀಳುಭಾವ ಭಾಷೆಯ ಬಳಿ ನಿಲ್ಲುವುದಿಲ್ಲ. ಕಿಟಕಿಯ ಆಚೆ ಕುಳಿತು ಅದನ್ನು ಬಳಸುವ ಮನುಷ್ಯನವರೆಗೂ ಅದು ಹೋಗಿ ಮುಟ್ಟುತ್ತದೆ.

ಗಣಿತದ ಮೇಷ್ಟ್ರಿಗೆ ಇದರ ಉಸಾಬರಿ ಏಕೆಂದು ನೀವು ಕೇಳಬಹುದು. ನಿವೃತ್ತಿಯ ಅನಂತರ ನಾನೂ ಒಂದಿಷ್ಟು ಪೈಥಾನ್ ಕಲಿತೆ. ಪೈಥಾನಿನಲ್ಲಿ ಕಿಟಕಿ ಕಟ್ಟಲು ಬಳಸುವ ಟಿಕಿಂಟರ್ ಎಂಬುದರ ಒಳಗೆ ಇರುವುದು ಇದೇ ಟಿಕೆ. ಆ ಕೆಲಸದಲ್ಲಿ ನಾನು ಹೇಗೆ ಮುಗ್ಗರಿಸಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಮುಚ್ಚಿಟ್ಟು ಶಿಷ್ಯನಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ.

ಮೊದಲು ಈ ಭಾಷೆಯ ಹುಟ್ಟನ್ನು ನೋಡೋಣ. ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಓಸ್ಟರ್‌ಹೌಟ್ ಎಂಬ ಪ್ರಾಧ್ಯಾಪಕರಿದ್ದರು. 1980ರ ದಶಕದಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಚಿಪ್ಪುಗಳ ವಿನ್ಯಾಸಕ್ಕೆ ಬೇಕಾದ ತಂತ್ರಾಂಶಗಳನ್ನು ಬರೆಯುತ್ತಿದ್ದರು. ಮ್ಯಾಜಿಕ್ ಎಂಬುದು ಅವುಗಳಲ್ಲಿ ಹೆಸರಾದದ್ದು. ಪ್ರತಿಯೊಂದು ತಂತ್ರಾಂಶಕ್ಕೂ ಆದೇಶ ಕೊಡಲು ಒಂದು ಪುಟ್ಟ ಭಾಷೆ ಬೇಕಾಗುತ್ತಿತ್ತು. ಬರೆಯುವವರ ಮನಸ್ಸು ಮುಖ್ಯ ಕೆಲಸದ ಮೇಲೆ ಇರುತ್ತಿದ್ದುದರಿಂದ ಆ ಪುಟ್ಟ ಭಾಷೆಗಳೆಲ್ಲ ಅವಸರದ ಅಡುಗೆಯಂತೆ ಅರೆಬೆಂದೇ ಉಳಿಯುತ್ತಿದ್ದವು. ಹಾಗಾದರೆ ಒಂದೇ ಭಾಷೆಯನ್ನು ಚೆನ್ನಾಗಿ ಮಾಡಿ, ಎಲ್ಲ ತಂತ್ರಾಂಶಗಳ ಒಳಗೂ ಅದನ್ನೇ ಏಕೆ ಕೂರಿಸಬಾರದು? ಈ ಆಲೋಚನೆ ಅವರಿಗೆ 1987ರಲ್ಲಿ ಬಂತು. 1988ರಲ್ಲಿ ಬರೆಯಲು ತೊಡಗಿದರು. ಟೂಲ್ ಕಮಾಂಡ್ ಲಾಂಗ್ವೇಜ್ ಎಂಬುದರ ಹ್ರಸ್ವರೂಪವನ್ನು ಟಿಕಲ್ ಎಂದು ಉಚ್ಚರಿಸುವ ರೂಢಿ ಬಿತ್ತು. ಇಂಗ್ಲಿಷಿನಲ್ಲಿ ಹಾಗೆಂದರೆ ಕಚಗುಳಿ.

ಕಿಟಕಿಗಳ ಕೆಲಸಕ್ಕೆಂದು ಅವರು ಅದೇ ವರ್ಷದ ಕೊನೆಗೆ ಟಿಕೆಯನ್ನು ಬರೆಯತೊಡಗಿದರು. ಆ ಕಾಲದಲ್ಲಿ ಯುನಿಕ್ಸ್ ಗಣಕದ ಮೇಲೆ ಒಂದು ಗುಂಡಿಯಿರುವ ಕಿಟಕಿಯನ್ನು ಮೂಡಿಸಬೇಕಾದರೂ ಸಿ ಭಾಷೆಯಲ್ಲಿ ಪುಟಗಟ್ಟಲೆ ಬರೆಯಬೇಕಾಗಿತ್ತು. ಟಿಕೆಯಲ್ಲಿ ಅದು ಎರಡು ಸಾಲು. ಮೊದಲನೆಯ ಸಾಲು, ಇಂಥ ಹೆಸರಿನ ಗುಂಡಿಯೊಂದಿರಲಿ, ಅದರ ಮೇಲೆ ಈ ಮಾತಿರಲಿ, ಒತ್ತಿದಾಗ ಈ ಕೆಲಸವಾಗಲಿ ಎನ್ನುತ್ತದೆ. ಎರಡನೆಯದು, ಅದನ್ನು ಕಿಟಕಿಯಲ್ಲಿ ಇರಿಸು ಎನ್ನುತ್ತದೆ. ಅಷ್ಟೆ. ಅದನ್ನು ನಡೆಸುವ ಪ್ರೋಗ್ರಾಂಗೆ ವಿಶ್ ಎಂದು ಹೆಸರು. ಅದರಲ್ಲಿ ಸಾಲನ್ನು ಟೈಪ್ ಮಾಡಿದ ಕೂಡಲೇ ಗುಂಡಿ ಕಣ್ಣೆದುರು ಮೂಡುತ್ತದೆ. ಇನ್ನೊಂದು ಸಾಲು ಟೈಪ್ ಮಾಡಿದರೆ ಅದೇ ಗುಂಡಿ ಬಣ್ಣ ಬದಲಿಸುತ್ತದೆ. ಪ್ರೋಗ್ರಾಂ ನಿಲ್ಲಿಸಿ, ಮತ್ತೆ ಕಂಪೈಲ್ ಮಾಡಿ, ಮತ್ತೆ ಓಡಿಸುವ ಪ್ರಮೇಯವಿಲ್ಲ.

ಓಸ್ಟರ್‌ಹೌಟ್ ಅವರ ವಾದ ಸರಳವಾದದ್ದು. ಭಾರವಾದ ಲೆಕ್ಕಾಚಾರ ಸಿ ಭಾಷೆಯಲ್ಲಿರಲಿ. ಆ ಬಿಡಿಭಾಗಗಳನ್ನು ಅಂಟಿಸುವ ಕೆಲಸಕ್ಕೆ ಸ್ಕ್ರಿಪ್ಟಿಂಗ್ ಭಾಷೆಯಿರಲಿ. ಒಂದು ಇನ್ನೊಂದರ ಶತ್ರುವಲ್ಲ. 1998ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಅವರು, ಅಂಟಿಸುವ ಬಗೆಯ ಕೆಲಸಗಳು ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಐದರಿಂದ ಹತ್ತು ಪಟ್ಟು ಬೇಗ ಆಗುತ್ತವೆಂದು ವಾದಿಸಿದರು. ಅದಕ್ಕೆ ಒಂದು ವರ್ಷ ಮೊದಲು, ಅಂದರೆ 1997ರ ಸಾಲಿಗೆ, ಟಿಕಲ್ ಮತ್ತು ಟಿಕೆಗಾಗಿ ಅವರಿಗೆ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಬಂದಿತ್ತು.

ಇದೆಲ್ಲ ಹಳೆಯ ಕಥೆಯಲ್ಲವೇ ಎಂದರೆ, ಅಲ್ಲ. ಚಿಪ್ಪುಗಳ ವಿನ್ಯಾಸಕ್ಕೆ ಬಳಸುವ ಸಿನಾಪ್ಸಿಸ್, ಕೇಡೆನ್ಸ್ ಕಂಪನಿಗಳ ಪ್ರಮುಖ ಉಪಕರಣಗಳಿಗೆ ಆದೇಶ ಕೊಡುವುದು ಇಂದಿಗೂ ಟಿಕಲ್‌ನಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಆ ನಗರದಲ್ಲಿ ಬೆಳೆದ ಚಿಪ್ ವಿನ್ಯಾಸಕಾರರ ಸಮುದಾಯದಲ್ಲಿ ಟಿಕಲ್ ಕಾಣದವರು ಅಪರೂಪ. ಗಿಟ್ ಬಳಸುವ ಪ್ರೋಗ್ರಾಮರುಗಳು ಗಿಟ್‌ಕೆ ಎಂಬ ಕಿಟಕಿಯನ್ನು ನೋಡಿರಬಹುದು. ಅದನ್ನು ಬರೆದಿರುವುದೂ ಟಿಕಲ್ ಮತ್ತು ಟಿಕೆಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಒಂಬತ್ತನೆಯ ಆವೃತ್ತಿಯೂ ಬಂತು. ಮೂವತ್ತೈದು ವರ್ಷ ದಾಟಿಯೂ ಕೆಲಸಕ್ಕೆ ಬರುತ್ತಿರುವುದನ್ನು ಆಟಿಕೆಯೆಂದು ಕರೆಯುವ ಮೊದಲು ಸ್ವಲ್ಪ ತಡೆಯಬೇಕು.

ಈಗ ನನ್ನ ಶಿಷ್ಯನ ಕಥೆಗೆ ಬರೋಣ. ಕಾರ್ತಿಕದಿಂದ ಫಾಲ್ಗುಣದವರೆಗೆ ಅವನು ಭಾನುವಾರಗಳಂದು ಫೋನು ಮಾಡಿ ತನ್ನ ಕಷ್ಟಗಳನ್ನು ಹೇಳುತ್ತಿದ್ದ. ಕೇಳುತ್ತ ಕೇಳುತ್ತ ನನಗೆ ಒಂದು ವಿಷಯ ಹೊಳೆಯಿತು. ಹೊಸಬ ಎಡವುವುದು ತಿಳಿಯದ ಕಡೆ. ಅನುಭವಿ ಎಡವುವುದು ತನಗೆ ತಿಳಿದಿದೆ ಎಂದುಕೊಂಡ ಕಡೆ.

ಮೊದಲನೆಯ ದಿನವೇ ಅವನು ಮುಗ್ಗರಿಸಿದ್ದು ಪುಷ್ಪಾವರಣದಲ್ಲಿ. ಸಿ ಭಾಷೆಯಲ್ಲಿ ಷರತ್ತನ್ನು ಬರೆದು, ಮುಂದಿನ ಸಾಲಿಗೆ ಇಳಿದು, ಅಲ್ಲಿ ಪುಷ್ಪಾವರಣವನ್ನು ತೆರೆಯುವುದು ಅವನ ಇಪ್ಪತ್ತೆರಡು ವರ್ಷಗಳ ಅಭ್ಯಾಸ. ಸಿ ಭಾಷೆಗೆ ಸಾಲು ಮುರಿದರೆ ಏನೂ ಅಲ್ಲ. ಟಿಕಲ್‌ನಲ್ಲಿ ಸಾಲು ಮುಗಿದರೆ ಆದೇಶವೇ ಮುಗಿಯಿತು. ಷರತ್ತಿನ ಮುಂದೆ ಮಾಡಬೇಕಾದ ಕೆಲಸವೇ ಇಲ್ಲವಲ್ಲ ಎಂದು ಅದು ದೂರುತ್ತದೆ. ಅವನು ಅರ್ಧ ದಿನ ಹುಡುಕಿದನಂತೆ. "ಹೊಸದಾಗಿ ಸೇರಿದ ಹುಡುಗಿ ಪುಸ್ತಕದಲ್ಲಿದ್ದ ಹಾಗೇ ಬರೆದಳು ಸಾರ್, ಅವಳಿಗೆ ಈ ತೊಂದರೆಯೇ ಬರಲಿಲ್ಲ" ಎಂದ. ಆ ಗುರುತು ಎರಡು ಭಾಷೆಗಳಲ್ಲೂ ಒಂದೇ ಆಕಾರದ್ದು, ಆದರೆ ಅರ್ಥ ಬೇರೆ. ಸಿ ಭಾಷೆಯಲ್ಲಿ ಅದು ಆದೇಶಗಳ ಗುಂಪನ್ನು ಕಟ್ಟುವ ಆವರಣ. ಟಿಕಲ್‌ನಲ್ಲಿ ಅದು, ಒಳಗಿರುವ ಪಠ್ಯವನ್ನು ಮುಟ್ಟದೆ ಹಾಗೆಯೇ ಮುಂದಕ್ಕೆ ಸಾಗಿಸು ಎನ್ನುವ ಉದ್ಧರಣ ಚಿಹ್ನೆ.

ಎರಡನೆಯದು ಇನ್ನೂ ಸೋಜಿಗದ್ದು. ಪರೀಕ್ಷೆಯ ದಿನಾಂಕದಿಂದ ಏನನ್ನೋ ಲೆಕ್ಕ ಹಾಕುವ ನಾಲ್ಕು ಸಾಲು ಬರೆದಿದ್ದ. ತಿಂಗಳ ಏಳನೆಯ ತಾರೀಖಿನವರೆಗೆ ಸರಿಯಾಗಿ ನಡೆದದ್ದು ಎಂಟನೆಯ ತಾರೀಖು ಕೆಟ್ಟಿತು. ಒಂಬತ್ತರಂದೂ ಕೆಟ್ಟಿತು. ಹತ್ತರಂದು ತಾನಾಗಿಯೇ ಸರಿಹೋಯಿತು! ಕಾರಣ ಇಷ್ಟು: ಅವರಲ್ಲಿರುವ ಟಿಕಲ್‌ನ ಎಂಟನೆಯ ಆವೃತ್ತಿಯಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಅಷ್ಟಮಾನ ಪದ್ಧತಿಯದೆಂದು ತಿಳಿಯಲಾಗುತ್ತದೆ. ಅಷ್ಟಮಾನದಲ್ಲಿ ಇರುವುದು 0ಯಿಂದ 7ರವರೆಗಿನ ಅಂಕಿಗಳು ಮಾತ್ರ. 07 ಸರಿ, 08 ಮತ್ತು 09 ಎಂಬ ಸಂಖ್ಯೆಗಳೇ ಇಲ್ಲ. ಸಿ ಭಾಷೆಯಲ್ಲೂ ಈ ನಿಯಮವಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಲ್ಲಿ ಅದು ಪ್ರೋಗ್ರಾಂನಲ್ಲಿ ನಾವೇ ಬರೆದ ಸಂಖ್ಯೆಗೆ ಅನ್ವಯಿಸುವುದು. ಟಿಕಲ್‌ನಲ್ಲಿ ಪ್ರತಿಯೊಂದೂ ಪಠ್ಯವೇ ಆದ್ದರಿಂದ, ಹೊರಗಿನಿಂದ ಬಂದ ದಿನಾಂಕಕ್ಕೂ ಅದೇ ನಿಯಮ. ಒಂಬತ್ತನೆಯ ಆವೃತ್ತಿಯಲ್ಲಿ ಈ ಕಾಟವನ್ನು ತೆಗೆದಿದ್ದಾರೆ; ಅಷ್ಟಮಾನವೆಂದು ಸೂಚಿಸಲು ಈಗ ಸೊನ್ನೆಯ ಮುಂದೆ ಒಂದು ಅಕ್ಷರವನ್ನೂ ಬರೆಯಬೇಕು. ಆದರೆ ಹಳೆಯ ಆವೃತ್ತಿಯೊಡನೆ ಬಾಳುವವರು ಬಹಳ ಜನ.

ಮೂರನೆಯ ಎಡವಟ್ಟು ಭಾಷೆಯದಲ್ಲ, ಮನೋಧರ್ಮದ್ದು. ಹಳೆಯ ಬಗೆಯ ಪ್ರೋಗ್ರಾಂ ಒಂದು ಸಿದ್ಧ ಉಪನ್ಯಾಸದಂತೆ. ಮೊದಲ ವಾಕ್ಯದಿಂದ ಕೊನೆಯದರವರೆಗೆ ತಾನೇ ಹೇಳಿಕೊಂಡು ಹೋಗುತ್ತದೆ. ನಡುವೆ ಬೇಕಾದಾಗ ತಾನೇ ಪ್ರಶ್ನೆ ಕೇಳುತ್ತದೆ. ಕಿಟಕಿಯಿರುವ ಪ್ರೋಗ್ರಾಂ ಹಾಗಲ್ಲ. ಅದು ತರಗತಿಯಲ್ಲಿ ಸುಮ್ಮನೆ ಕುಳಿತು, ಯಾರು ಕೈಯೆತ್ತುತ್ತಾರೋ ಅವರಿಗೆ ಉತ್ತರ ಕೊಟ್ಟು, ಮತ್ತೆ ಸುಮ್ಮನೆ ಕುಳಿತುಕೊಳ್ಳುವ ಶಿಕ್ಷಕನಂತೆ. ಒಬ್ಬನಿಗೆ ಉತ್ತರಿಸುತ್ತ ಮೂರು ನಿಮಿಷ ಮೈಮರೆತರೆ ಉಳಿದವರ ಕೈಗಳು ಮೇಲೆಯೇ ಇರುತ್ತವೆ. ನನ್ನ ಶಿಷ್ಯನ ಕಿಟಕಿಯಲ್ಲಿ ಆದದ್ದು ಇದೇ. "ಆರಂಭಿಸು" ಎಂಬ ಗುಂಡಿಯನ್ನು ಒತ್ತಿದರೆ ಹಳೆಯ ಸಿ ಪ್ರೋಗ್ರಾಂ ಓಡತೊಡಗುತ್ತಿತ್ತು. ಅದು ಮುಗಿಯುವವರೆಗೆ ಕಿಟಕಿ ಮರಗಟ್ಟಿ ನಿಲ್ಲುತ್ತಿತ್ತು. "ನಿಲ್ಲಿಸು" ಎಂಬ ಗುಂಡಿಯೂ ಇತ್ತು, ಆದರೆ ಅದರ ಮಾತನ್ನು ಕೇಳುವವರೇ ಇರಲಿಲ್ಲ.

ಅದಕ್ಕೆ ಪರಿಹಾರ, ಹಳೆಯ ಪ್ರೋಗ್ರಾಂ ಅನ್ನು ಪಕ್ಕದಲ್ಲಿ ಬೇರೆಯಾಗಿ ಓಡಲು ಬಿಟ್ಟು, ಅದರಿಂದ ಸಾಲೊಂದು ಬಂದಾಗ ಮಾತ್ರ ಕಿಟಕಿಗೆ ಕರೆ ಬರುವಂತೆ ಮಾಡುವುದು. ಹಾಗೆ ಮಾಡಿದ. ಆದರೂ ಮೂರು ನಿಮಿಷ ಏನೂ ಬಾರದೆ, ಕೊನೆಗೆ ಎಲ್ಲ ಸಾಲುಗಳೂ ಒಟ್ಟಿಗೆ ಬಂದು ಬಿದ್ದವು. ಇಲ್ಲಿ ಪುಸ್ತಕ ನೋಡಿ ಬರೆದ ಹುಡುಗಿ ಸೋತಳು, ಇವನು ಗೆದ್ದ. ಸಿ ಪ್ರೋಗ್ರಾಂನ ಮಾತು ನೇರವಾಗಿ ಪರದೆಗೆ ಹೋಗುವಾಗ ಸಾಲುಸಾಲಾಗಿ ಹೋಗುತ್ತದೆ, ಇನ್ನೊಂದು ಪ್ರೋಗ್ರಾಂಗೆ ಹೋಗುವಾಗ ಕಟ್ಟು ಕಟ್ಟಾಗಿ ಹೋಗುತ್ತದೆ ಎಂಬುದು ಅವನಿಗೆ ಕರತಲಾಮಲಕ. ಒಂದೊಂದು ಸಾಲಿನ ಬಳಿಕ ಇದ್ದುದನ್ನೆಲ್ಲ ಕೂಡಲೇ ಹೊರಗೆ ಕಳಿಸು ಎಂಬ ಒಂದು ಸೂಚನೆಯನ್ನು ಹಳೆಯ ಪ್ರೋಗ್ರಾಂನಲ್ಲಿ ಸೇರಿಸಿದ. ಹತ್ತು ನಿಮಿಷದಲ್ಲಿ ಕೆಲಸವಾಯಿತು. ಅನುಭವ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅನುಭವ ಕೆಲಸಕ್ಕೆ ಬರುವುದು ತಳದಲ್ಲಿ, ಎರಡು ಭಾಗಗಳು ಕೂಡುವ ಸಂದಿನಲ್ಲಿ. ಅಕ್ಷರಾಭ್ಯಾಸದಲ್ಲಿ ಅದು ಕೈ ತಡೆಯುತ್ತದೆ.

ಇಷ್ಟೆಲ್ಲ ಕೇಳಿ ನಾನು ಮನಸ್ಸಿನಲ್ಲಿ ನಗಬಹುದಾಗಿತ್ತು. ಆದರೆ ನನ್ನದೇ ಕಥೆ ನೆನಪಾಗಿ ಸುಮ್ಮನಾದೆ. ವರ್ಗಬಹುಪದೋಕ್ತಿಯ ನಕ್ಷೆಯನ್ನು ಮಕ್ಕಳಿಗೆ ತೋರಿಸಲು ನಾನೊಂದು ಕಿಟಕಿ ಕಟ್ಟಿದ್ದೆ. ಮೂರು ಸಹಗುಣಕಗಳಿಗೆ ಮೂರು ಸ್ಲೈಡರುಗಳು. ಸರಿಸಿದಂತೆಲ್ಲ ಪರವಲಯ ಅಗಲವಾಗಬೇಕು, ಕಿರಿದಾಗಬೇಕು, ಪಕ್ಕಕ್ಕೆ ಜರುಗಬೇಕು. ಮೂರು ದಿನ ಒದ್ದಾಡಿ ಓಡಿಸಿದರೆ ಪರವಲಯ ತಲೆಕೆಳಗಾಗಿ ನಿಂತಿತ್ತು! ಮೊದಲ ಸಹಗುಣಕ ಧನವಾಗಿದ್ದರೆ ಪರವಲಯ ಮೇಲ್ಮುಖವಾಗಿ ತೆರೆಯುತ್ತದೆ ಎಂದು ಮೂವತ್ತನಾಲ್ಕು ವರ್ಷ ಹಲಗೆಯ ಮೇಲೆ ಬರೆದ ಕೈ ಇದು. ಸೂತ್ರವನ್ನು ಹತ್ತು ಸಲ ತಿದ್ದಿ ನೋಡಿದೆ, ಚಿಹ್ನೆಗಳನ್ನು ಪರೀಕ್ಷಿಸಿದೆ, ಗಣಕವನ್ನೇ ಬೈದೆ. ಕೊನೆಗೆ ತಿಳಿದದ್ದು, ಪರದೆಯ ಮೂಲಬಿಂದು ಎಡ ಮೇಲ್ಮೂಲೆಯಲ್ಲಿದೆ, ಅಲ್ಲಿ ವೈ-ಅಕ್ಷದ ಬೆಲೆ ಕೆಳಗೆ ಹೋದಂತೆ ಹೆಚ್ಚುತ್ತದೆ ಎಂದು. ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗ ಇದನ್ನು ಒಂದು ಕ್ಷಣದಲ್ಲಿ ಒಪ್ಪಿಕೊಂಡ; ನನಗೆ ಒಪ್ಪಿಕೊಳ್ಳಲು ಒಂದು ವಾರ ಬೇಕಾಯಿತು. ಅವನಿಗೆ ಅದು ಇನ್ನೊಂದು ನಿಯಮ, ನನಗೆ ಅದು ಅವಮಾನ.

ಬಲ್ಲವರ ಕಲಿಕೆಗೆ ಅಡ್ಡ ಬರುವುದು ಬುದ್ಧಿಯ ಮಾಂದ್ಯವಲ್ಲ, ಈ ಅವಮಾನದ ಭಾವನೆ. "ಆಟಿಕೆ" ಎಂಬ ಮಾತು ಹುಟ್ಟುವುದೂ ಅಲ್ಲಿಂದಲೇ.

ಹಾಗೆಂದು ಎದುರುವಾದಿಗಳ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ರಿಚರ್ಡ್ ಸ್ಟಾಲ್‌ಮನ್ ಅವರು 1994ರಲ್ಲಿಯೇ ಟಿಕಲ್ ಅನ್ನು ಬಳಸಬೇಡಿ ಎಂದು ಬಹಿರಂಗವಾಗಿ ಬರೆದಿದ್ದರು. ತಂತ್ರಾಂಶವನ್ನು ವಿಸ್ತರಿಸಲೆಂದು ಕೊಟ್ಟ ಪುಟ್ಟ ಭಾಷೆಯಲ್ಲಿ ಜನ ದೊಡ್ಡ ದೊಡ್ಡ ಪ್ರೋಗ್ರಾಂಗಳನ್ನೇ ಬರೆಯತೊಡಗುತ್ತಾರೆ, ಆದ್ದರಿಂದ ಅದು ಪರಿಪೂರ್ಣ ಭಾಷೆಯೇ ಆಗಿರಬೇಕು ಎಂಬುದು ಅವರ ವಾದದ ತಿರುಳು. ಆಮೇಲೆ ಟಿಕಲ್ ಬಹಳ ಬೆಳೆಯಿತು: 1997ರ ಆವೃತ್ತಿ 8.0 ಅದರ ವೇಗವನ್ನು ಹೆಚ್ಚಿಸಿತು. 2007ರ ಆವೃತ್ತಿ 8.5ರಲ್ಲಿ ಗುಂಡಿ, ಪಟ್ಟಿಗಳಿಗೆ ಹೊಸ ರೂಪ ಬಂತು. ಆದರೂ ಆ ಎಚ್ಚರಿಕೆಯಲ್ಲಿ ನಿಜವಿದೆ. ಸಿ ಭಾಷೆಯಲ್ಲಿ ಕಂಪೈಲರ್ ಮೊದಲೇ ಹಿಡಿದುಕೊಡುವ ಎಷ್ಟೋ ತಪ್ಪುಗಳು ಇಲ್ಲಿ ಆ ಸಾಲು ನಡೆಯುವ ಗಳಿಗೆಯವರೆಗೆ ಅಡಗಿ ಕುಳಿತಿರುತ್ತವೆ. ಎಂಟನೆಯ ತಾರೀಖಿನ ಕಥೆ ಅದಕ್ಕೆ ಸಾಕ್ಷಿ. ನೂರು ಸಾಲಿನ ಸ್ಕ್ರಿಪ್ಟು ಬೆಳೆದು ಹತ್ತು ಸಾವಿರ ಸಾಲಾದರೆ ಅದನ್ನು ಸಾಕುವುದು ಕಷ್ಟ. ಯಾವಾಗ ನಿಲ್ಲಿಸಬೇಕೆಂದು ತಿಳಿದಿರುವುದು ಅನುಭವಿಗೆ ಮಾತ್ರ. ಹೊಸಬರಿಗಿಂತ ಅನುಭವಿಗಳೇ ಇದನ್ನು ಕಲಿಯಬೇಕೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಕಲಿಯುವ ಬಗೆಯ ಬಗ್ಗೆ ಮೂರು ಮಾತು. ಒಂದು, ಹಳೆಯ ಭಾಷೆಯಿಂದ ಅನುವಾದ ಮಾಡುತ್ತ ಕಲಿಯಬೇಡಿ. ಸಿ ಭಾಷೆಯ ಈ ಸಾಲಿಗೆ ಟಿಕಲ್‌ನಲ್ಲಿ ಏನೆನ್ನುತ್ತಾರೆ ಎಂಬ ಪ್ರಶ್ನೆಯೇ ತಪ್ಪು. ಟಿಕಲ್‌ನ ನಿಯಮಗಳು ಒಟ್ಟು ಒಂದು ಡಜನ್. ಅವುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರೆ ಎರಡು ದಿನಗಳ ಕೆಲಸ. ಎರಡು, ಮೊದಲ ಗಂಟೆಯಲ್ಲೇ ಒಂದು ಕಿಟಕಿಯನ್ನು ತೆರೆಯಿರಿ. ಅದು ಎಷ್ಟೇ ಕುರೂಪವಾಗಿರಲಿ. ಸಣ್ಣದಾದರೂ ಪೂರ್ಣವಾದದ್ದನ್ನು ಮಾಡಿ ನೋಡಿದವನ ಕೈಗೆ ಧೈರ್ಯ ಬರುತ್ತದೆ. ಮೂರು, ಕೆಲಸ ಮಾಡುತ್ತಿರುವ ಹಳೆಯ ಪ್ರೋಗ್ರಾಂ ಅನ್ನು ಕೆಡವಬೇಡಿ. ಅದು ಹಾಗೆಯೇ ಇರಲಿ, ಅದಕ್ಕೊಂದು ಬಾಗಿಲು ಮಾತ್ರ ಇಡಿ.

ನಾಲ್ಕನೆಯದೊಂದಿದೆ, ಅದನ್ನು ನನಗೆ ಕಲಿಸಿದವನು ಶಿಷ್ಯನೇ.

ಯುಗಾದಿಗೆ ಅವನು ಮತ್ತೆ ಬಂದಿದ್ದ. ಈ ಸಲ ದೂರಲಿಲ್ಲ. ಕಿಟಕಿಯ ಮೊದಲ ರೂಪವನ್ನು ತೋರಿಸಲು ಅವನು ಪ್ರಯೋಗಾಲಯಕ್ಕೆ ಇಳಿದು ಹೋಗಿದ್ದನಂತೆ. ಅವನ ಕೋಣೆ ಐದನೆಯ ಮಹಡಿಯಲ್ಲಿ, ಪ್ರಯೋಗಾಲಯ ನೆಲಮಹಡಿಯಲ್ಲಿ. ಹನ್ನೊಂದು ವರ್ಷಗಳಲ್ಲಿ ಅವನ ಪ್ರೋಗ್ರಾಂ ಅಲ್ಲಿ ದಿನವೂ ನಡೆದಿದೆ, ಆದರೆ ಅದನ್ನು ನಡೆಸುವವರ ಪಕ್ಕದಲ್ಲಿ ಅವನು ಒಂದು ದಿನವೂ ಕುಳಿತಿರಲಿಲ್ಲ. ಅಲ್ಲಿನ ತಂತ್ರಜ್ಞರು ಐವತ್ತು ದಾಟಿದವರು, ಐಟಿಐ ಓದಿ ಬಂದವರು. ಅವರ ಗಣಕದ ಪಕ್ಕದ ಗೋಡೆಗೆ ಒಂದು ದೊಡ್ಡ ಹಾಳೆಯನ್ನು ಅಂಟಿಸಿತ್ತು. ಅದರಲ್ಲಿ ಅವನ ಪ್ರೋಗ್ರಾಂನ ಆದೇಶಗಳೆಲ್ಲ ಕ್ರಮವಾಗಿ ಇಂಗ್ಲಿಷಿನಲ್ಲಿ. ಪ್ರತಿಯೊಂದರ ಮುಂದೆ ಕನ್ನಡದಲ್ಲಿ ಅದರ ಅರ್ಥ. ಎರಡು ಆದೇಶಗಳ ಮುಂದೆ ಕೆಂಪು ಶಾಯಿ. ಒಂದರ ಮುಂದೆ "ಎರಡು ಸಲ ಕೊಡಬಾರದು" ಎಂದಿತ್ತು. ಇನ್ನೊಂದರ ಮುಂದೆ "ಇದಕ್ಕೆ ಮುಂಚೆ ಬೋರ್ಡಿನ ಸ್ವಿಚ್ ಆರಿಸಬೇಕು" ಎಂದಿತ್ತು.

"ಯಾಕೆ ಎರಡು ಸಲ ಕೊಡಬಾರದು?" ಎಂದು ಇವನು ಕೇಳಿದ. ಕೊಟ್ಟರೆ ಅಂದಿನ ಅಳತೆಗಳೆಲ್ಲ ಅಳಿಸಿಹೋಗುತ್ತವೆ ಎಂದರು ಅವರು. ಅದು ಇವನು ಬರೆದ ಪ್ರೋಗ್ರಾಂನ ತಪ್ಪು. ತಿದ್ದಲು ಐದು ನಿಮಿಷ ಸಾಕಾಗುವಂಥ ತಪ್ಪು. ಹನ್ನೊಂದು ವರ್ಷ ಒಬ್ಬ ಮನುಷ್ಯ ಅದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡು ಕಾದುಕೊಂಡಿದ್ದಾನೆ. "ಮೊದಲೇ ಏಕೆ ಹೇಳಲಿಲ್ಲ?" ಎಂದು ಕೇಳಿದಾಗ ಅವರು, "ಪ್ರೋಗ್ರಾಂ ಹಾಗೇ ಇರುತ್ತೇನೋ ಅಂದುಕೊಂಡೆ ಸಾರ್" ಎಂದರಂತೆ.

ಆ ದಿನ ಅವನು ಮೇಲೆ ಹೋಗಲಿಲ್ಲ. ಅಲ್ಲಿಯೇ ಕುರ್ಚಿ ಎಳೆದುಕೊಂಡು ಕುಳಿತ. ಹಾಳೆಯಲ್ಲಿದ್ದ ಕ್ರಮದಲ್ಲೇ ಗುಂಡಿಗಳನ್ನು ಜೋಡಿಸಿದ. ಈ ಗುಂಡಿ ಎಡಕ್ಕೆ ಬರಲಿ ಎಂದು ಅವರೆಂದರೆ ಒಂದು ಸಾಲು ಬದಲಿಸಿ ಅಲ್ಲಿಯೇ ತೋರಿಸಿದ. ಅಕ್ಷರ ದೊಡ್ಡದಿರಲಿ ಎಂದರೆ ದೊಡ್ಡದು ಮಾಡಿದ. ಬೋರ್ಡಿನ ಸ್ವಿಚ್ ಆರಿಸಿದ್ದೇನೆ ಎಂಬ ಚೌಕಕ್ಕೆ ಗುರುತು ಹಾಕುವವರೆಗೆ ಮುಂದಿನ ಗುಂಡಿ ಮಂಕಾಗಿಯೇ ಇರುವಂತೆ ಮಾಡಿದ. ಎರಡು ಸಲ ಕೊಡಬಾರದ ಆದೇಶವನ್ನು ಸಿ ಪ್ರೋಗ್ರಾಂನಲ್ಲಿಯೇ ಸರಿಪಡಿಸಿದ. ಕನ್ನಡದ ಹೆಸರುಗಳನ್ನು ಹಾಕಹೊರಟಾಗ ಮಾತ್ರ ತೊಡಕಾಯಿತು. ಅವರ ಲಿನಕ್ಸ್ ಗಣಕದ ಹಳೆಯ ಟಿಕೆಯಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಂತವು. ಇದು ಟಿಕೆಯ ನಿಜವಾದ ಕೊರತೆ. ನನ್ನ ಲಿನಕ್ಸ್ ಗಣಕದಲ್ಲೂ ಕಂಡಿದ್ದೇನೆ. ಅದಕ್ಕೂ ಅವನು ದಾರಿ ಹುಡುಕಿದ. ಕನ್ನಡದ ಪದಗಳನ್ನು ಬೇರೆ ಕಡೆ ಚಿತ್ರಗಳಾಗಿ ಮಾಡಿಕೊಂಡು ಬಂದು ಗುಂಡಿಗಳ ಮೇಲೆ ಅಂಟಿಸಿದ.

"ಸಿ ಭಾಷೆಯಲ್ಲೇ ಕಿಟಕಿ ಬರೆದಿದ್ದರೆ ನಾನು ಅಲ್ಲಿ ಕುಳಿತೇ ಇರುತ್ತಿರಲಿಲ್ಲ ಸಾರ್" ಎಂದ. "ಬದಲಾವಣೆಗಳನ್ನು ಪಟ್ಟಿ ಮಾಡಿ ಕಳಿಸಿ ಎಂದು ಹೇಳಿ ಮೇಲೆ ಹೋಗುತ್ತಿದ್ದೆ. ಅವರು ಕಳಿಸುತ್ತಿರಲಿಲ್ಲ."

ನಾಲ್ಕನೆಯ ಮಾತು ಇದೇ. ಸಣ್ಣ ಭಾಷೆಯ ದೊಡ್ಡ ಗುಣ, ಬದಲಾವಣೆಯನ್ನು ಅಗ್ಗವಾಗಿಸುವುದು. ಬದಲಾವಣೆ ಅಗ್ಗವಾದಾಗ ಬರೆಯುವವನೂ ಬಳಸುವವನೂ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳಬಹುದು. ಐದು ಪಟ್ಟೋ ಹತ್ತು ಪಟ್ಟೋ ಬೇಗ ಆಗುತ್ತದೆಂಬ ಲೆಕ್ಕಕ್ಕಿಂತ ನನಗೆ ಇದು ಮುಖ್ಯವೆನಿಸುತ್ತದೆ. ಉಳಿದ ಸಮಯವನ್ನು ಯಾರ ಪಕ್ಕದಲ್ಲಿ ಕಳೆದೆವು ಎಂಬುದೇ ಪ್ರಶ್ನೆ.

ನಾನು ಪಾಠ ಹೇಳುವಾಗ ಎಷ್ಟೋ ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ತಮಗೆ ತಿಳಿಯುವಂತೆ ಏನನ್ನೋ ಬರೆದುಕೊಳ್ಳುತ್ತಿದ್ದರು. ನನ್ನ ವಿವರಣೆ ಎಲ್ಲಿ ಸಾಲದಾಗಿತ್ತು ಎಂಬುದು ಆ ಅಂಚುಗಳಲ್ಲಿ ಇದ್ದಿರಬೇಕು. ನಾನು ಲೆಕ್ಕದ ಉತ್ತರವನ್ನು ತಿದ್ದಿದೆ, ಅಂಚನ್ನು ಓದಲಿಲ್ಲ. ಯುಗಾದಿಯ ದಿನ ಶಿಷ್ಯ ಹೋದಮೇಲೆ ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ನಿಮ್ಮಲ್ಲಿ ಯಾರಾದರೂ ಇಂಥ ಸಣ್ಣ ಭಾಷೆಯ ಮುಂದೆ ಮುಖ ಸಿಂಡರಿಸಿ ಕುಳಿತಿದ್ದರೆ, ನಾಳೆ ಬೆಳಿಗ್ಗೆ ಒಂದು ಗುಂಡಿಯ ಕಿಟಕಿಯನ್ನು ಕಟ್ಟಿ. ಆಮೇಲೆ ನೆಲಮಹಡಿಗೆ ಇಳಿದು, ನಿಮ್ಮ ಪ್ರೋಗ್ರಾಂ ಅನ್ನು ದಿನವೂ ನಡೆಸುವವರ ಗೋಡೆಯ ಮೇಲೆ ಏನು ಅಂಟಿಸಿದೆ ಎಂದು ಒಮ್ಮೆ ನೋಡಿ ಬನ್ನಿ.